ಮೂರು ದಿನ ಇವರದು, ಎರಡು ದಿನ ಅವರದು: ಕೊಲೊರಾಡೊದ ಒಂದು ಸಣ್ಣ ನೀರಾವರಿ ರ‍್ಯಾಂಚಿನ ಪ್ರಕರಣ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ರಾಕಿ ಪರ್ವತಗಳ ಪಶ್ಚಿಮ ಮಗ್ಗುಲಿನ ಒಂದು ಕಣಿವೆಯಲ್ಲಿ ಈ ಜಮೀನು ಇದೆ. ಹತ್ತಿರದ ಗಿರಿಪಟ್ಟಣಕ್ಕೆ ಕಾರಿನಲ್ಲಿ ಕಾಲು ಗಂಟೆಯ ದಾರಿ. ನೀರಿನ ದಾಖಲೆಗಳನ್ನು ಪರಿಶೀಲಿಸಿ ಹರಿವನ್ನು ಅಳೆಯುವ ಕೆಲಸಕ್ಕಾಗಿ ನನ್ನನ್ನು ಕರೆದಿದ್ದರು. ಸಂಬಂಧಪಟ್ಟವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಪಟ್ಟಣ, ಹೊಳೆ, ಕಾಲುವೆ ಯಾವುದರ ಹೆಸರನ್ನೂ ಹೇಳುವುದಿಲ್ಲ. ವಿಸ್ತೀರ್ಣವನ್ನೂ ವರ್ಷಗಳನ್ನೂ ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ನೀರಿನ ಪಾಲುಗಳ ಲೆಕ್ಕವನ್ನು ಮಾತ್ರ ಮುಟ್ಟಿಲ್ಲ, ಏಕೆಂದರೆ ಇಡೀ ಪ್ರಕರಣ ನಿಂತಿರುವುದು ಆ ಲೆಕ್ಕದ ಮೇಲೆ.

ಹಿನ್ನೆಲೆ

ಒಟ್ಟು ಸುಮಾರು 38 ಎಕರೆ. ಸಮುದ್ರಮಟ್ಟದಿಂದ 7000 ಅಡಿಗೂ ಮೇಲೆ ಇರುವುದರಿಂದ ಬೆಳೆಯ ಕಾಲ ಚಿಕ್ಕದು, ಹುಲ್ಲು ವರ್ಷಕ್ಕೆ ಒಂದೇ ಕೊಯ್ಲು. ಕಾಲುವೆಯ ಕೆಳಗೆ 24 ಎಕರೆ ಹುಲ್ಲುಗಾವಲು. ತಿಮೋಥಿ, ಬ್ರೋಮ್ ಜಾತಿಯ ಹುಲ್ಲುಗಳು. ಕಾಲುವೆಯ ಮೇಲ್ಭಾಗದಲ್ಲಿ ಸೇಜ್‌ಬ್ರಷ್ ಪೊದೆ, ಕುರುಚಲು ಓಕ್, ಒಂದು ಮನೆ, ಒಂದು ಹಳೆಯ ಕೊಟ್ಟಿಗೆ. ಜುಲೈ ತಿಂಗಳಲ್ಲಿ ನೋಡಿದರೆ ಕಾಲುವೆ ಯಾವುದೆಂದು ಯಾರೂ ತೋರಿಸಬೇಕಾಗಿಲ್ಲ. ಕೆಳಗೆ ಹಸಿರು, ಮೇಲೆ ಬೂದಿ ಬಣ್ಣ, ನಡುವೆ ಗೆರೆ ಎಳೆದಂತೆ ಕಾಲುವೆ.

ಕೊಂಡವರು ರಾಜ್ಯದ ಪೂರ್ವ ಭಾಗದ ದೊಡ್ಡ ನಗರವೊಂದರ ನಡುವಯಸ್ಸಿನ ದಂಪತಿ. ಇಬ್ಬರಿಗೂ ಕೃಷಿಯ ಹಿನ್ನೆಲೆ ಇರಲಿಲ್ಲ, ಕಲಿಯುವ ಮನಸ್ಸಿತ್ತು. ನಾಲ್ಕಾರು ದನ, ಅವುಗಳಿಗೆ ಬೇಕಾದ ಒಣಹುಲ್ಲು, ಮಾರಲು ಒಂದಿಷ್ಟು ಹುಲ್ಲಿನ ಬೇಲು (ಒತ್ತಿ ಕಟ್ಟಿದ ಕಟ್ಟು), ಮನೆಯ ಮುಂದೆ ಒಂದು ಕೊಳ, ಪೊದೆಗಳನ್ನು ತೆಗೆದು ಮೇಲಿನ ನಾಲ್ಕು ಎಕರೆಯಲ್ಲಿ ಹಣ್ಣಿನ ಗಿಡಗಳು, ಇದು ಅವರ ಯೋಜನೆ. ಮಾರಾಟದ ಜಾಹೀರಾತಿನಲ್ಲಿ '1880ರ ದಶಕದ ಹಿರಿಯ ಹಕ್ಕಿನ ನೀರು, 1.5 ಕ್ಯುಸೆಕ್' ಎಂದಿತ್ತು. ಬೆಲೆಯ ದೊಡ್ಡ ಪಾಲು ಆ ಒಂದು ಸಾಲಿಗೆ ಸಂದಿತ್ತು.

ಆ ಸಾಲಿಗೆ ಅಷ್ಟು ಬೆಲೆ ಏಕೆ ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕೊಲೊರಾಡೊದಲ್ಲಿ ಹೊಳೆ ನಿಮ್ಮ ಜಮೀನಿನ ನಡುವೆಯೇ ಹರಿದರೂ ಅದರ ನೀರು ನಿಮ್ಮದಾಗುವುದಿಲ್ಲ. 1876ರ ರಾಜ್ಯ ಸಂವಿಧಾನ ಹೊಳೆಯ ನೀರನ್ನು ಸಾರ್ವಜನಿಕ ಸ್ವತ್ತು ಎಂದು ಸಾರಿತು. ಅದನ್ನು ಬಳಸುವ ಹಕ್ಕು, ಯಾರು ಮೊದಲು ತಿರುಗಿಸಿಕೊಂಡು ಪ್ರಯೋಜನಕ್ಕೆ ಹಚ್ಚಿದರೋ ಅವರದು. 1882ರಲ್ಲಿ ಲೆಫ್ಟ್ ಹ್ಯಾಂಡ್ ಡಿಚ್ ಕಂಪನಿಯ ಮೊಕದ್ದಮೆಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಎತ್ತಿಹಿಡಿಯಿತು. ಹಾಗಾಗಿ ಪ್ರತಿ ಹಕ್ಕಿಗೂ ಒಂದು ತಾರೀಖು ಇರುತ್ತದೆ. ಹೊಳೆಯಲ್ಲಿ ನೀರು ಇಳಿದಾಗ, ತನ್ನ ಪಾಲು ಸಿಗದ ಹಿರಿಯ ಹಕ್ಕುದಾರ ರಾಜ್ಯದ ಜಲ ಅಧಿಕಾರಿಗೆ ಕರೆ ಸಲ್ಲಿಸುತ್ತಾನೆ. ಆಗ ಮೇಲ್ಭಾಗದ ಕಿರಿಯ ಹಕ್ಕುಗಳ ತೂಬುಗಳು ಒಂದೊಂದಾಗಿ ಮುಚ್ಚುತ್ತವೆ. ಸಮಪಾಲು ಎಂಬ ಮಾತೇ ಅಲ್ಲಿಲ್ಲ. ಕೊಲೊರಾಡೊ ನದಿಯ ನೀರನ್ನು ಏಳು ರಾಜ್ಯಗಳ ನಡುವೆ ಹಂಚಿಕೊಳ್ಳುವ 1922ರ ಒಪ್ಪಂದಕ್ಕಿಂತ ಹಿಂದಿನ ಹಕ್ಕುಗಳಿಗೆ ಈ ಭಾಗದಲ್ಲಿ ಇನ್ನೂ ಹೆಚ್ಚಿನ ತೂಕ.

ಕಾಗದದ ನೀರು

ಮೊದಲ ವಸಂತ ಚೆನ್ನಾಗಿಯೇ ನಡೆಯಿತು. ಮೇ ಕೊನೆ, ಜೂನ್ ಮೊದಲಲ್ಲಿ ಹಿಮ ಕರಗಿ ಹೊಳೆ ದಡ ಮುಟ್ಟಿ ಹರಿಯುತ್ತದೆ. ಆಗ ಈ ಜಮೀನಿಗೇ ಇರುವ 1950ರ ದಶಕದ ಕಿರಿಯ ಹಕ್ಕಿಗೂ ನೀರು ಸಿಗುತ್ತದೆ. ಹುಲ್ಲು ಮೊಣಕಾಲೆತ್ತರ ಬಂತು. ಜುಲೈ ಎರಡನೆಯ ವಾರ ಜಲ ಅಧಿಕಾರಿ ಬಂದು ಕಿರಿಯ ಹಕ್ಕನ್ನು ನಿಲ್ಲಿಸಿದರು. ಈ ಅಧಿಕಾರಿಯ ಕೆಲಸ ನಮ್ಮ ಕೆರೆಗಳ ನೀರುಗಂಟಿಯ ಕೆಲಸವನ್ನು ಬಹುವಾಗಿ ಹೋಲುತ್ತದೆ. ಅವರ ಹಿಂದೆ ರಾಜ್ಯ ಸರ್ಕಾರದ ಬೀಗ ಮತ್ತು ಸರಪಳಿ ಇರುತ್ತದೆ, ಅಷ್ಟೇ ವ್ಯತ್ಯಾಸ.

ದಂಪತಿಗೆ ಇದು ಅನಿರೀಕ್ಷಿತವಾಗಿರಲಿಲ್ಲ. ಹಿರಿಯ ಹಕ್ಕಿನ 1.5 ಕ್ಯುಸೆಕ್ ಉಳಿಯುತ್ತದಲ್ಲ ಎಂದುಕೊಂಡಿದ್ದರು. ಆದರೆ ಅಧಿಕಾರಿ ಕಾಲುವೆಯ ನೀರನ್ನು ಪಾಲು ಮಾಡುವ ವಿಭಜನೆಯ ಪೆಟ್ಟಿಗೆಯ ಹಲಗೆಯನ್ನು ಸರಿಹೊಂದಿಸಿ ಹೋದ ಮೇಲೆ ಅವರ ಕಡೆಯ, ಹರಿವನ್ನು ಅಳೆಯುವ ತೊಟ್ಟಿಯಾದ ಪಾರ್ಷಲ್ ಫ್ಲೂಮಿನಲ್ಲಿ ನೀರು 0.45 ಅಡಿಯ ಗೆರೆಗೆ ಇಳಿದು ನಿಂತಿತು. ಆ ಫ್ಲೂಮಿನ ಕೊರಳು 9 ಅಂಗುಲ. ಆ ಅಳತೆಗೆ 0.45 ಅಡಿ ಎಂದರೆ 0.9 ಕ್ಯುಸೆಕ್. 1.5 ಬರಬೇಕಾಗಿದ್ದರೆ ನೀರು 0.63ರ ಹತ್ತಿರ ನಿಲ್ಲಬೇಕಿತ್ತು. ಕೇಳಿದಾಗ ಅಧಿಕಾರಿ ತಮ್ಮ ಪುಸ್ತಕ ತೆರೆದು ತೋರಿಸಿದರು. ಅವರ ದಾಖಲೆಯಲ್ಲಿ ಈ ಜಮೀನಿಗೆ ಇರುವುದೇ 0.9.

ಫ್ಲೂಮಿನಿಂದ ಹುಲ್ಲುಗಾವಲಿನವರೆಗೆ ಅರ್ಧ ಕಿಲೋಮೀಟರ್ ಉಪಕಾಲುವೆ ಜಲ್ಲಿ ನೆಲದಲ್ಲಿ ಹೋಗುತ್ತದೆ. ಬದುವಿನಲ್ಲಿ ಗೋಫರ್ ಇಲಿಗಳ ಬಿಲಗಳು ಬೇರೆ. ನಾನು ಎರಡೂ ತುದಿಯಲ್ಲಿ ಅಳೆದಾಗ ದಾರಿಯಲ್ಲೇ 0.3 ಕ್ಯುಸೆಕ್ ಸೋರಿಹೋಗುತ್ತಿತ್ತು. ಹೊಲಕ್ಕೆ ಮುಟ್ಟುತ್ತಿದ್ದದ್ದು 0.6. ಆಗಸ್ಟ್ ಹೊತ್ತಿಗೆ ಗಾವಲಿನ ಕೆಳಗಿನ ಅರ್ಧ ಒಣಗಿ ಹಳದಿಯಾಯಿತು. ಆ ವರ್ಷದ ಬೇಲುಗಳು ಹಿಂದಿನ ಮಾಲೀಕರು ಹೇಳಿದ್ದರ ಅರ್ಧವೂ ಬರಲಿಲ್ಲ.

ಜಾಹೀರಾತಿನ 1.5ರಲ್ಲಿ ಅಧಿಕಾರಿಯ ಪುಸ್ತಕದಲ್ಲಿಲ್ಲದ 0.6 ಎಲ್ಲಿ ಹೋಯಿತು? ಕೌಂಟಿಯ ನೋಂದಣಿ ಕಚೇರಿಯಲ್ಲಿ ಮಾರಾಟಗಾರರ ಹೆಸರಿನ ಸೂಚಿ ಹಿಡಿದು ಹಿಂದಕ್ಕೆ ಹೋದಾಗ 1970ರ ದಶಕದ ಒಂದು ಪತ್ರ ಸಿಕ್ಕಿತು. ಆಗಿನ ಮಾಲೀಕರು ಜಮೀನಿನ ಮೇಲ್ತುದಿಯನ್ನು ನೆರೆಯವರಿಗೆ ಮಾರಿ, ಅದರೊಂದಿಗೆ ಹಿರಿಯ ಹಕ್ಕಿನ 1.5ರಲ್ಲಿ 0.6 ಕ್ಯುಸೆಕ್ಕನ್ನೂ ಬರೆದುಕೊಟ್ಟಿದ್ದರು. ಕೊಲೊರಾಡೊದಲ್ಲಿ ನೀರಿನ ಹಕ್ಕು ಸ್ಥಿರಾಸ್ತಿ. ನೆಲದಿಂದ ಬೇರ್ಪಡಿಸಿ ಮಾರಬಹುದು. ಜಮೀನಿನ ಮಾಲೀಕತ್ವಕ್ಕೆ ವಿಮೆ ಕೊಡುವ ಕಂಪನಿಗಳು ಸಾಮಾನ್ಯವಾಗಿ ನೀರನ್ನು ವಿಮೆಯಿಂದ ಹೊರಗಿಡುತ್ತವೆ. ಇಲ್ಲಿಯೂ ಹಾಗೇ ಆಗಿತ್ತು. ಜಮೀನಿನ ದಾಖಲೆಯನ್ನು ಒಬ್ಬರು ಜೋಪಾನವಾಗಿ ನೋಡಿದ್ದರು, ನೀರಿನ ದಾಖಲೆಯನ್ನು ಯಾರೂ ನೋಡಿರಲಿಲ್ಲ.

ಕೊಳದ ತೊಂದರೆ

ಇದೇ ಹೊತ್ತಿಗೆ ಇನ್ನೊಂದು ತಲೆನೋವು ಶುರುವಾಗಿತ್ತು. ಕೊಂಡ ಹೊಸದರಲ್ಲೇ ಮನೆಯ ಮುಂದಿನ ತಗ್ಗಿನಲ್ಲಿ ಅರ್ಧ ಎಕರೆಯ ಕೊಳ ತೋಡಿಸಿದ್ದರು. 'ನಿಮ್ಮ ಜಮೀನು, ನಿಮ್ಮ ನೀರು, ಅನುಮತಿ ಏಕೆ' ಎಂದು ಯಂತ್ರ ತಂದ ಗುತ್ತಿಗೆದಾರ ಹೇಳಿದ್ದ. ಆರೇಳು ಅಡಿ ತೋಡುವುದರೊಳಗೆ ಅಂತರ್ಜಲ ಉಕ್ಕಿ ಕೊಳ ತಾನಾಗಿ ತುಂಬಿತು. ಎಲ್ಲರಿಗೂ ಸಂತೋಷ. ಆದರೆ ಆ ರಾಜ್ಯದಲ್ಲಿ ಅಂತರ್ಜಲವನ್ನು ಬಯಲಿಗೆ ತಂದ ಗುಂಡಿಯೂ ಬಾವಿಯೇ. ಅದಕ್ಕೆ ಬಾವಿಯ ಪರವಾನಗಿ ಬೇಕು. ಅಲ್ಲಿಂದ ಆವಿಯಾಗುವ ನೀರು ಹೊಳೆಯ ಹಿರಿಯ ಹಕ್ಕುದಾರರ ಪಾಲಿನಿಂದ ಕಳೆದದ್ದು ಎಂದೇ ಲೆಕ್ಕ. ವರ್ಷಕ್ಕೆ ಎರಡು ಮೂರು ಅಡಿ ಆವಿಯಾಯಿತೆಂದರೂ ಅರ್ಧ ಎಕರೆಗೆ ಒಂದು, ಒಂದೂವರೆ ಎಕರೆ-ಅಡಿ (ಒಂದು ಎಕರೆಯ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ). ಅಷ್ಟನ್ನು ಬೇರೆ ಮೂಲದಿಂದ ಹೊಳೆಗೆ ತುಂಬಿಕೊಡುವ ಯೋಜನೆಯನ್ನು ಜಲ ನ್ಯಾಯಾಲಯದಲ್ಲಿ ಮಂಜೂರು ಮಾಡಿಸಿಕೊಳ್ಳಬೇಕು, ಇಲ್ಲವೇ ಕೊಳ ಮುಚ್ಚಬೇಕು ಎಂದು ರಾಜ್ಯದ ಪತ್ರ ಬಂತು.

ಹಣ್ಣಿನ ತೋಟದ ಆಸೆಗೂ ಇದೇ ಗತಿಯಾಯಿತು. 35 ಎಕರೆಗಿಂತ ದೊಡ್ಡ ಜಮೀನಾದ್ದರಿಂದ ಮನೆಯ ಬಾವಿಗೆ ಸಡಿಲ ಪರವಾನಗಿ ಇತ್ತು. ಅದರಲ್ಲಿ ಮನೆಬಳಕೆ, ದನಗಳಿಗೆ ನೀರು, ಗರಿಷ್ಠ ಒಂದು ಎಕರೆ ಕೈತೋಟ ಮತ್ತು ಹುಲ್ಲುಹಾಸು ಮಾತ್ರ ಸಾಧ್ಯ. ನಾಲ್ಕು ಎಕರೆಯ ಮಾತು ಅಲ್ಲಿಗೆ ಮುಗಿಯಿತು.

ಯೋಚಿಸಿದ್ದು, ಬಿಟ್ಟದ್ದು

ಮೊದಲು ಬಂದ ಸಲಹೆ ಮೊಕದ್ದಮೆಯದು. ವಕೀಲರೊಬ್ಬರು ಪತ್ರಗಳನ್ನು ಓದಿದರು. ಮಾರಿದವರು ಜಮೀನನ್ನು ಖಾತರಿಯೊಂದಿಗೆ ಬರೆದುಕೊಟ್ಟಿದ್ದರು. ನೀರನ್ನು ಮಾತ್ರ 'ನಮಗೆ ಏನಾದರೂ ಹಕ್ಕಿದ್ದರೆ ಅಷ್ಟು' ಎಂಬ ಧಾಟಿಯಲ್ಲಿ, ಖಾತರಿಯಿಲ್ಲದೆ ಬರೆದಿದ್ದರು. ಜಾಹೀರಾತಿನ ಸಾಲನ್ನು ಹಿಡಿದು ಹೋರಾಡಬಹುದಿತ್ತು. ವರ್ಷಗಳು ಹಿಡಿಯುತ್ತಿದ್ದವು, ಗೆದ್ದರೆ ಹಣ ಬರುತ್ತಿತ್ತು, ನೀರು ಬರುತ್ತಿರಲಿಲ್ಲ. ನೆರೆಯವರ ಪತ್ರ ನೋಂದಣಿಯಾಗಿದ್ದು ದಶಕಗಳ ಹಿಂದೆ. ಅದನ್ನು ಅಲುಗಿಸುವ ಮಾತೇ ಇರಲಿಲ್ಲ. ದಂಪತಿ ಬಹಳ ದಿನ ಯೋಚಿಸಿ ಮೊಕದ್ದಮೆಯನ್ನು ಕೈಬಿಟ್ಟರು. ನನಗೆ ಇದು ಈ ಪ್ರಕರಣದ ಅತ್ಯಂತ ಕಷ್ಟದ, ಅತ್ಯಂತ ಸರಿಯಾದ ನಿರ್ಧಾರ ಎನಿಸುತ್ತದೆ. ಮೋಸಹೋದ ಭಾವನೆ ಹಸಿಯಾಗಿದ್ದಾಗ ಹೀಗೆ ಬಿಡುವುದು ಸುಲಭವಲ್ಲ.

ಎರಡನೆಯದು ಸ್ಪ್ರಿಂಕ್ಲರ್. ಕೃಷಿ ಇಲಾಖೆಯ ಸಂರಕ್ಷಣಾ ಸೇವೆಯಿಂದ ವೆಚ್ಚದ ಒಂದು ಭಾಗಕ್ಕೆ ನೆರವು ಸಿಗುವ ಸಾಧ್ಯತೆಯೂ ಇತ್ತು. 0.6 ಕ್ಯುಸೆಕ್ ನೀರು 24 ಎಕರೆಗೆ ಸ್ಪ್ರಿಂಕ್ಲರಿನಲ್ಲಿ ಧಾರಾಳವಾಗಿ ಸಾಕು. ಉಳಿದ ನೀರಿನಲ್ಲಿ ಮೇಲಿನ ಪೊದೆ ನೆಲವನ್ನೂ ತೋಟ ಮಾಡಬಹುದಲ್ಲ ಎಂಬ ಆಸೆ ಇಲ್ಲಿ ಮತ್ತೆ ತಲೆ ಎತ್ತಿತು. ಅದು ಸಾಧ್ಯವಿಲ್ಲ. ಹಕ್ಕು ಇರುವುದು ಇಂಥ ನೆಲಕ್ಕೆ, ಇಷ್ಟು ಬಳಕೆಗೆ ಎಂದು. ಉಳಿಸಿದ ನೀರು ಉಳಿಸಿದವರ ಹೆಚ್ಚುವರಿ ಆಸ್ತಿಯಾಗುವುದಿಲ್ಲ, ಹೊಳೆಯಲ್ಲಿ ಮುಂದಿನ ಹಕ್ಕುದಾರನಿಗೆ ಹೋಗುತ್ತದೆ.

ಅದಕ್ಕಿಂತ ದೊಡ್ಡ ಪ್ರಶ್ನೆ ಕೆಳಗಿನ ನೆರೆಯ ಜಮೀನಿನದು. ಅಲ್ಲಿ ಒಬ್ಬ ವಯಸ್ಸಾದ ಮಹಿಳೆ ಹತ್ತಾರು ದನ ಸಾಕಿಕೊಂಡಿದ್ದರು. ಆಗಸ್ಟ್‌ನಲ್ಲೂ ಹಸಿಯಾಗಿರುವ ಅವರ ತಗ್ಗಿನ ಗಾವಲು ಮತ್ತು ದನ ಕುಡಿಯುವ ಒಂದು ಒರತೆ, ಇವೆರಡೂ ಬದುಕಿದ್ದದ್ದು ಮೇಲಿನ ಹುಲ್ಲುಗಾವಲಿನಲ್ಲಿ ಇಂಗಿ ಇಳಿದ ನೀರಿನಿಂದ. ಹಾಯಿಸಿದ ನೀರಿನಲ್ಲಿ ಬೆಳೆ ಕುಡಿಯುವುದು ಒಂದು ಭಾಗ. ಮಿಕ್ಕದ್ದು ನೆಲದೊಳಗೆ ನಿಧಾನವಾಗಿ ಸರಿದು ವಾರಗಳ ನಂತರ ಎಲ್ಲೋ ಕೆಳಗೆ ಒಸರುತ್ತದೆ. ಮೇಲಿನವರ ವ್ಯರ್ಥ ಎಂದು ನಾವು ಕರೆಯುವುದು ಕೆಳಗಿನವರ ಬೇಸಿಗೆ. ಸ್ಪ್ರಿಂಕ್ಲರ್ ಹಾಕಿದ್ದರೆ ಆ ಒರತೆ ಬತ್ತುವ ಸಂಭವವೇ ಹೆಚ್ಚು. ದಂಪತಿ ಆ ಮಹಿಳೆಯೊಂದಿಗೆ ಒಂದು ಮಧ್ಯಾಹ್ನ ಗಾವಲಿನಲ್ಲಿ ನಡೆದು ನೋಡಿ, ಸ್ಪ್ರಿಂಕ್ಲರ್ ಅರ್ಜಿಯನ್ನು ಹಿಂತೆಗೆದುಕೊಂಡರು.

ಕೊಳವನ್ನೂ ಮುಚ್ಚಿದರು. ತೋಡಿಸಿದ್ದಕ್ಕಿಂತ ಮುಚ್ಚಿಸಿದ್ದಕ್ಕೆ ಹೆಚ್ಚು ಖರ್ಚಾಯಿತು.

ತಿರುವು

0.6 ಕ್ಯುಸೆಕ್‌ನ ಮಾಲೀಕರು, ಅಂದರೆ ಆ ಮೇಲ್ತುದಿಯ ನೆರೆಯವರು, ಎಪ್ಪತ್ತು ದಾಟಿದ ರ‍್ಯಾಂಚರ್. ಪತ್ರದ ವಿಚಾರ ಹೊರಬಂದ ಮೇಲೆ ಎರಡು ಮನೆಗಳ ನಡುವೆ ಮಾತು ಬಿಗಿಯಾಗಿತ್ತು. ಮೊಕದ್ದಮೆ ಇಲ್ಲವೆಂದು ತಿಳಿದ ಮೇಲೆ ಅವರೇ ಒಂದು ಬೆಳಿಗ್ಗೆ ಗಾವಲಿಗೆ ಇಳಿದು ಬಂದರು. ನಾನು ಅಂದು ಅಲ್ಲಿದ್ದೆ.

ದಂಪತಿ ಆಗ ಮಡೆ ಕಟ್ಟುತ್ತಿದ್ದರು. ಉದ್ದ ಮರದ ಗಳುವಿಗೆ ಕಿತ್ತಳೆ ಬಣ್ಣದ ಟಾರ್ಪಾಲಿನ್ ಹೊಲಿದು, ಗಳುವನ್ನು ಕಾಲುವೆಗೆ ಅಡ್ಡ ಇಟ್ಟು, ಬಟ್ಟೆಯ ತುದಿಯನ್ನು ಮಣ್ಣು, ಕಲ್ಲು ಹೇರಿ ಅದುಮುತ್ತಾರೆ. ಹಿಂದೆ ನೀರು ಏರಿ ಬದುವಿನ ಮೇಲಿಂದ ತೆಳ್ಳಗೆ ಉಕ್ಕಿ ಹುಲ್ಲಿನೊಳಗೆ ಹರಡುತ್ತದೆ. ನೀರಿನ ಅಂಚು ಮುಂದಕ್ಕೆ ಹೋಗುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಒಣ ನೆಲದ ಬಿರುಕುಗಳಿಂದ ಗಾಳಿ ಗುಳುಗುಳು ಹೊರಬರುತ್ತದೆ, ಮಿಡತೆಗಳು ಹುಲ್ಲಿನ ದಂಟು ಹತ್ತುತ್ತವೆ. ಅಂದು ಆ ಅಂಚು ಅರವತ್ತು ಎಪ್ಪತ್ತು ಅಡಿ ಹೋಗಿ ಅಲ್ಲೇ ನಿಂತಿತ್ತು. ಗಂಟೆಗಟ್ಟಲೆ ಬಿಟ್ಟರೂ ಮುಂದೆ ಹೋಗಲಿಲ್ಲ.

ರ‍್ಯಾಂಚರ್ ಅದನ್ನು ನೋಡುತ್ತಾ ನಿಂತು ಹೇಳಿದರು: "ಈ ಹೊಲದ ಕವಲುಗಾಲುವೆಗಳನ್ನು ಹಾಕಿದ್ದು ಒಂದೂವರೆ ಕ್ಯುಸೆಕ್ ನೀರಿಗೆ. ಅಷ್ಟು ಸೆಳವು ಇದ್ದರೆ ಮಾತ್ರ ನೀರು ಕೊನೆಯವರೆಗೆ ಓಡುತ್ತದೆ. ಇಷ್ಟರಲ್ಲಿ ನೀವು ಇದೇ ಎಪ್ಪತ್ತು ಅಡಿಗೆ ವಾರವಿಡೀ ನೀರು ಕುಡಿಸುತ್ತೀರಿ. ನನ್ನ ಕಡೆಯೂ ಇದೇ ಪಾಡು." ಸ್ವಲ್ಪ ಹೊತ್ತು ಬಿಟ್ಟು, "ನನ್ನದನ್ನೂ ನಿಮ್ಮದನ್ನೂ ಕೂಡಿಸಿ ಸರದಿಯಲ್ಲಿ ಬಿಟ್ಟರೆ ಹೇಗೆ?" ಎಂದರು.

ಸರದಿಯ ಲೆಕ್ಕ ಮಾಡುವುದು ನನ್ನ ಪಾಲಿಗೆ ಬಂತು. ಪಾಲುಗಳು 0.9 ಮತ್ತು 0.6, ಅಂದರೆ ಮೂರಕ್ಕೆ ಎರಡು. ಐದು ದಿನದ ಸುತ್ತು. ಮೂರು ದಿನ ಪೂರ್ತಿ 1.5 ಕ್ಯುಸೆಕ್ ದಂಪತಿಗೆ, ಎರಡು ದಿನ ಪೂರ್ತಿ ರ‍್ಯಾಂಚರಿಗೆ. ಯಾರ ಹಕ್ಕೂ ಹನಿಯಷ್ಟು ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಲಾಭ ಇದ್ದದ್ದು ಸೋರಿಕೆಯಲ್ಲಿ. ಜಲ್ಲಿ ಕಾಲುವೆಯಲ್ಲಿ 0.9 ಹರಿಸಿದರೂ 1.5 ಹರಿಸಿದರೂ ಇಂಗುವುದು ಹೆಚ್ಚುಕಡಿಮೆ ಅದೇ 0.3. ಮೊದಲು ಐದು ದಿನ 0.6ರಂತೆ ಹೊಲಕ್ಕೆ ಮುಟ್ಟುತ್ತಿದ್ದದ್ದು ಸುಮಾರು 6 ಎಕರೆ-ಅಡಿ. ಈಗ ಮೂರು ದಿನ 1.2ರಂತೆ ಸುಮಾರು 7 ಎಕರೆ-ಅಡಿ. ಕಾಲುವೆ ಬರಿದಾಗಿರುವ ಎರಡು ದಿನಗಳಲ್ಲಿ ಸೋರಿಕೆಯೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಸೆಳವು ದುಪ್ಪಟ್ಟಾಗಿ ನೀರು ಗಾವಲಿನ ಕೆಳತುದಿ ತಲುಪಿತು. ಜಲ ಅಧಿಕಾರಿಗೆ ಮೊದಲೇ ತಿಳಿಸಿ, ಪ್ರತಿ ಸರದಿಯ ಫ್ಲೂಮ್ ಅಳತೆಯನ್ನು ಬರೆದಿಡುವ ಷರತ್ತಿನ ಮೇಲೆ ಶುರು ಮಾಡಿದರು. ಮೊದಲ ಸರದಿಯಲ್ಲಿ ಅಳತೆಪಟ್ಟಿಯ ಮೇಲೆ ನೀರು 0.63ಕ್ಕೆ ಏರಿದಾಗ ಆ ದಂಪತಿಯ ಮುಖ ನೋಡಬೇಕಿತ್ತು. ಜಾಹೀರಾತಿನಲ್ಲಿ ಓದಿದ್ದ ಅಂಕಿ ಅದು.

ಇದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದರು. ಹಿಂದಿನ ಮಾಲೀಕರು ಗಾವಲಿನ ಮೇಲಂಚಿನ ಆರು ಎಕರೆಗೆ ವರ್ಷಗಳಿಂದ ನೀರು ಬಿಟ್ಟಿರಲಿಲ್ಲ. ಹತ್ತು ವರ್ಷ ಬಳಸದ ಹಕ್ಕನ್ನು ತ್ಯಜಿಸಲಾಗಿದೆ ಎಂದು ಊಹಿಸಲು ಕಾನೂನು ಅವಕಾಶ ಕೊಡುತ್ತದೆ. ರಾಜ್ಯ ಹತ್ತು ವರ್ಷಕ್ಕೊಮ್ಮೆ ಅಂಥ ಹಕ್ಕುಗಳ ಪಟ್ಟಿ ತಯಾರಿಸುತ್ತದೆ. 2020ರಲ್ಲೂ ಅಂಥದೊಂದು ಪಟ್ಟಿ ಬಂದಿತ್ತು. ಜೂನ್‌ನ ಹೆಚ್ಚುನೀರಿನಲ್ಲಿ ಆ ಆರು ಎಕರೆಗೆ ಕಿರಿಯ ಹಕ್ಕಿನ ನೀರು ಹಾಯಿಸಿ, ತಾರೀಖಿನೊಂದಿಗೆ ಚಿತ್ರ ತೆಗೆದು, ಅಧಿಕಾರಿಯ ದಾಖಲೆಯಲ್ಲೂ ಸೇರುವಂತೆ ನೋಡಿಕೊಂಡರು. ಆ ಹುಲ್ಲನ್ನು ಮಾರಿದ ರಸೀದಿಗಳು ಜಮೀನು ನಿಜವಾಗಿ ಕೃಷಿಯಲ್ಲಿದೆ ಎಂದು ತೆರಿಗೆ ಕಚೇರಿಗೆ ತೋರಿಸಲೂ ನೆರವಾದವು.

ಏನಾಯಿತು

ಸರದಿಯ ಎರಡನೆಯ ವರ್ಷವೇ ಹಿಮ ಕಡಿಮೆ ಬಿತ್ತು. ಕರೆ ಜುಲೈ ಮೊದಲ ವಾರದಲ್ಲೇ ಬಂತು. ಕಿರಿಯ ಹಕ್ಕಿನ ತೂಬುಗಳು ಸಾಲಾಗಿ ಮುಚ್ಚಿದವು. ಈ ಕಾಲುವೆಯ ಹಿರಿಯ ಹಕ್ಕು ಉಳಿಯಿತು, ಸರದಿಯೂ ಉಳಿಯಿತು. ಎರಡೂ ಕಡೆ ಹುಲ್ಲು ಕೊನೆಯವರೆಗೆ ಹಸಿರಾಗಿತ್ತು. ಕೆಳಗಿನ ಮಹಿಳೆಯ ಒರತೆ ಸಣ್ಣಗಾಯಿತು, ಬತ್ತಲಿಲ್ಲ. ಸುತ್ತಿನ ಎರಡು ಬರಿ ದಿನಗಳಿಂದ ಅವರ ಗಾವಲಿಗೆ ಏನಾಗುವುದೋ ಎಂಬ ಆತಂಕ ನನಗಿತ್ತು. ಇಂಗಿದ ನೀರು ನೆಲದಲ್ಲಿ ನಿಧಾನವಾಗಿ ಸರಿಯುವುದರಿಂದ ಆ ಏರಿಳಿತ ಕೆಳಗೆ ಮುಟ್ಟಲೇ ಇಲ್ಲ.

ಇಂಥ ಜಮೀನು ಕೊಳ್ಳಬೇಕೆಂದಿರುವವರು ಈ ಪ್ರಕರಣದಿಂದ ತೆಗೆದುಕೊಳ್ಳಬೇಕಾದದ್ದು ಇದು: ಜೂನ್‌ನಲ್ಲಿ ಹೋಗಿ ನೋಡಿ ಮರುಳಾಗಬೇಡಿ, ಜುಲೈ ಕೊನೆಯಲ್ಲಿ ಹೋಗಿ. ಹೊಳೆಯ ತೂಬಿನಿಂದ ಹೊಲದವರೆಗೆ ಕಾಲುವೆಯ ಉದ್ದಕ್ಕೂ ನಡೆಯಿರಿ, ಎಲ್ಲಿ ಸೋರುತ್ತದೆ, ಯಾರ ಜಮೀನು ದಾಟುತ್ತದೆ ನೋಡಿ. ಜಲ ನ್ಯಾಯಾಲಯದ ತೀರ್ಪಿನಲ್ಲಿರುವ ಅಂಕಿಯೊಂದೇ ಸಾಲದು, ಅಲ್ಲಿಂದ ಇಲ್ಲಿಯವರೆಗಿನ ಪ್ರತಿ ಕ್ರಯಪತ್ರದಲ್ಲೂ ನೀರು ಎಷ್ಟೆಷ್ಟು ಬಂತು, ಎಷ್ಟು ಹೊರಹೋಯಿತು ಎಂದು ಹಿಂಬಾಲಿಸಿ. ನೀರು ತಿರುಗಿಸಿದ ವಾರ್ಷಿಕ ದಾಖಲೆಗಳನ್ನು ರಾಜ್ಯ ಸಾರ್ವಜನಿಕವಾಗಿ ಇಟ್ಟಿದೆ. ಅದರಲ್ಲಿ ಒಳ್ಳೆಯ ವರ್ಷಗಳನ್ನು ಬಿಟ್ಟು 2002, 2012, 2018ರಂಥ ಬರದ ವರ್ಷಗಳ ಪುಟ ತೆಗೆಯಿರಿ. ಆ ವರ್ಷಗಳಲ್ಲಿ ಈ ತೂಬು ಯಾವ ದಿನ ಮುಚ್ಚಿತು ಎಂಬುದು ಜಾಹೀರಾತಿನ ಯಾವ ಸಾಲಿಗಿಂತಲೂ ಹೆಚ್ಚು ಹೇಳುತ್ತದೆ. ಹಣ ಕೊಡುವ ಮೊದಲು ಜಲ ಅಧಿಕಾರಿಯನ್ನೂ, ಅದೇ ಕಾಲುವೆಯ ಪಾಲುದಾರರನ್ನೂ ಕಂಡು ಮಾತನಾಡಿ. ಆ ಪಾಲುದಾರರ ಜೊತೆಗೇ ನೀವು ಪ್ರತಿ ವಸಂತದಲ್ಲಿ ಹೂಳು ತೆಗೆಯಬೇಕಾಗುತ್ತದೆ.

ಸರದಿ ಮೊದಲೆರಡು ವರ್ಷ ಬಾಯಿಮಾತಿನಲ್ಲೇ ನಡೆಯಿತು. ರ‍್ಯಾಂಚರ್ ಜಮೀನು ಮಾರುವ ಯೋಚನೆಯಲ್ಲಿದ್ದಾರೆಂದು ತಿಳಿದಾಗ ಅದನ್ನು ಎರಡು ಪುಟದ ಒಪ್ಪಂದವಾಗಿ ಬರೆದು, ವಿಭಜನೆಯ ಪೆಟ್ಟಿಗೆಯ ನಕ್ಷೆ ಲಗತ್ತಿಸಿ, ಮುಂದಿನ ಮಾಲೀಕರಿಗೂ ಅನ್ವಯಿಸುವ ಹಾಗೆ ಕೌಂಟಿಯಲ್ಲಿ ನೋಂದಾಯಿಸಿದರು. ಜಮೀನು ಮರುವರ್ಷ ಕೈ ಬದಲಾಯಿತು. ಹೊಸಬರು ಕೊಳ್ಳುವ ಮೊದಲೇ ಒಪ್ಪಂದ ಓದಿ, ಜುಲೈನಲ್ಲಿ ಬಂದು ಎರಡು ಸುತ್ತು ನೋಡಿ ಹೋಗಿದ್ದರು. ಸರದಿಗೆ ಅವರ ತಕರಾರಿಲ್ಲ. ಜಲ್ಲಿ ಭಾಗಕ್ಕೆ ಪೈಪ್ ಹಾಕಬೇಕೆಂದು ಅವರು ಕೇಳುತ್ತಿದ್ದಾರೆ. ಪೈಪ್ ಹಾಕಿದರೆ ಸೋರಿಕೆ ನಿಲ್ಲುತ್ತದೆ, ಕಾಲುವೆಯಂಚಿನ ಕಾಟನ್‌ವುಡ್ ಮರಗಳಿಗೂ ಕೆಳಗಿನ ಒರತೆಗೂ ಹೋಗುವ ನೀರೂ ನಿಲ್ಲುತ್ತದೆ. ಕಳೆದ ಶರತ್ಕಾಲದಿಂದ ಕೆಳಗಿನ ಮಹಿಳೆಯನ್ನೂ ಕೂರಿಸಿಕೊಂಡು ಮೂರು ಮನೆಯವರೂ ಅದನ್ನು ಚರ್ಚಿಸುತ್ತಿದ್ದಾರೆ. ಒರತೆಗೆ ಹತ್ತಿರದ ಕೊನೆಯ ಭಾಗವನ್ನು ತೆರೆದ ಕಾಲುವೆಯಾಗಿಯೇ ಬಿಟ್ಟು, ಮೇಲಿನ ಅರ್ಧಕ್ಕೆ ಮಾತ್ರ ಪೈಪ್ ಹಾಕಿದರೆ ಸೋರಿಕೆ ಎಷ್ಟು ಉಳಿಯುತ್ತದೆ ಎಂದು ಈ ಬೇಸಿಗೆಯಲ್ಲಿ ಅಳೆದುಕೊಡಲು ನನ್ನನ್ನು ಕೇಳಿದ್ದಾರೆ.